ಸತಪಾಲರೋ, ಬಿರಾಜದಾರರೋ? ರಾಮದುರ್ಗದಲ್ಲಿ ನಾನಿತ್ತ ಉತ್ತರಕ್ಕೊಂದು ತಿದ್ದುಪಡಿ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಮದುವೆಗೆಂದು ರಾಮದುರ್ಗಕ್ಕೆ ಹೋಗಿದ್ದೆ. ಅಕ್ಷತೆ ಬಿದ್ದು, ಹುಗ್ಗಿಯ ಊಟವೂ ಮುಗಿದು, ಮಂಟಪದ ಹಿಂಬದಿಯಲ್ಲಿ ಎಲೆ ಅಡಿಕೆಯ ತಟ್ಟೆ ಸುತ್ತುತ್ತಿದ್ದ ಹೊತ್ತಿನಲ್ಲಿ ಹತ್ತೆಂಟು ಜನ ಹಳೆಯ ಹುಡುಗರು ನನ್ನ ಕುರ್ಚಿಯ ಸುತ್ತ ಬಂದು ಕುಳಿತರು. ಹುಡುಗರು ಎಂದು ಅಭ್ಯಾಸಬಲದಿಂದ ಬರೆದೆ. ಅವರಲ್ಲಿ ಇಬ್ಬರು ಈಗಾಗಲೇ ಅಜ್ಜಂದಿರಾಗಿದ್ದಾರೆ. ಮಳೆ, ಕಬ್ಬಿನ ಬಿಲ್ಲು, ಮಕ್ಕಳ ನೌಕರಿ ಎಲ್ಲವೂ ಮುಗಿದ ಮೇಲೆ ಮಾತು ನಮ್ಮ ಭಾಗದ ಮಾತುಗಳೆಲ್ಲ ಕಡೆಗೆ ಹೋಗಿ ಸೇರುವಲ್ಲಿಗೆ, ಅಂದರೆ ಕುಸ್ತಿಗೆ, ಹೋಗಿ ಸೇರಿತು.

ಸವದತ್ತಿ ತಾಲೂಕಿನವನೊಬ್ಬ ತನ್ನ ಊರಿನಲ್ಲಿ ಗರಡಿ ಮನೆ ನಡೆಸುತ್ತಾನೆ. ಕಿತ್ತೂರ ಕಡೆಯ ಇನ್ನೊಬ್ಬ ಒಕ್ಕಲುತನದವನು. ಕಿತ್ತೂರು ಉತ್ಸವದ ಕುಸ್ತಿಗಳನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ಸತಪಾಲ್ ಮತ್ತು ಹರಿಶ್ಚಂದ್ರ ಬಿರಾಜದಾರ, ಇಬ್ಬರೂ ತಮ್ಮ ತಮ್ಮ ಭರದ ಕಾಲದಲ್ಲಿದ್ದಾಗ ಯಾರು ಹೆಚ್ಚು ಎಂಬುದು ಅವರ ಜಗಳ.

“ಏಷ್ಯಾಡದ ಬಂಗಾರ ಯಾರ ಮನ್ಯಾಗ ಐತಿ? ಅಲ್ಲಿಗೆ ಮಾತ ಮುಗೀತು” ಎಂದ ಸವದತ್ತಿಯವನು.

“ಬಂಗಾರ ಇರಲಿ. ನಮ್ಮ ಬೆಳಗಾಂವ್ಯಾಗ, ನಮ್ಮ ಮಣ್ಣಿನ್ಯಾಗ, ಅವನ ಬೆನ್ನಿಗೆ ಮಣ್ಣ ಹಚ್ಚಿದವರು ಯಾರು?” ಎಂದ ಕಿತ್ತೂರಿನವನು.

ಇಬ್ಬರೂ ನನ್ನ ಕಡೆ ತಿರುಗಿದರು. “ಸರ, ನೀವ ಹೇಳ್ರಿ.”

“ಬಿದ್ದದ್ದು ಬಿದ್ದದ್ದೇ. ಬಿರಾಜದಾರರೇ ಹೆಚ್ಚು” ಎಂದುಬಿಟ್ಟೆ. ನಗೆಯೆದ್ದಿತು, ಯಾರೋ ಚಪ್ಪಾಳೆ ತಟ್ಟಿದರು. ಸವದತ್ತಿಯವನು “ಆತು ಬಿಡ್ರಿ ಸರ” ಎಂದು ಸುಮ್ಮನಾದ. ಅವನಲ್ಲಿ ಇನ್ನೂ ಮಾತಿತ್ತೆಂಬುದು ಮುಖದಲ್ಲೇ ಕಾಣುತ್ತಿತ್ತು. ಆದರೆ ಕಲಿಸಿದವನಿಗೆ ಎದುರು ಮಾತನಾಡಬಾರದೆಂಬ ಕಟ್ಟುಪಾಡು ನಮ್ಮ ಕಡೆ ಇನ್ನೂ ಉಳಿದಿದೆ. ಅದರಿಂದ ಕಲಿಸಿದವನಿಗೇ ನಷ್ಟ.

ಸವದತ್ತಿಯಲ್ಲಿ ಬಸ್ಸು ಬದಲಿಸಿ ಬೈಲಹೊಂಗಲ ತಲುಪುವವರೆಗೂ ನಾನಿತ್ತ ಉತ್ತರ ನನಗೇ ಚುಚ್ಚುತ್ತಿತ್ತು. ಅದು ತಪ್ಪು ಉತ್ತರ. ಇಬ್ಬರೂ ತಮ್ಮ ಪೂರ್ಣ ಬಲದಲ್ಲಿದ್ದಾಗ ಯಾರು ಹೆಚ್ಚು ಎಂಬ ಪ್ರಶ್ನೆಗೆ ಈಗ ನನ್ನ ಉತ್ತರ ಸತಪಾಲ್ ಎಂಬುದೇ. ಕಿತ್ತೂರಿನವನು ಸಿಟ್ಟಾಗುವನೆಂದು ಬಲ್ಲೆ. ನನ್ನ ಕಾರಣಗಳನ್ನು ಓದಿದ ಮೇಲೆ ಸಿಟ್ಟಾಗಲಿ.

ಈಚಿನ ತಲೆಮಾರಿನ ಮೊಮ್ಮಕ್ಕಳಿಗಾಗಿ ಎರಡು ಮಾತು ಹೇಳಬೇಕು. ಹರಿಶ್ಚಂದ್ರ ಬಿರಾಜದಾರರು 1950ರಲ್ಲಿ ಲಾತೂರು ಜಿಲ್ಲೆಯ ನಿಲಂಗಾ ತಾಲೂಕಿನ ರಾಮಲಿಂಗ ಮುದಗಡದಲ್ಲಿ ಹುಟ್ಟಿದವರು. ಅದು ನಮ್ಮ ಬೀದರಿನ ಮಗ್ಗುಲ ಸೀಮೆ. ನಮ್ಮ ‘ಬಿರಾದಾರ’ನೇ ಗಡಿ ದಾಟಿ ‘ಬಿರಾಜದಾರ’ ಆದದ್ದೆಂದು ವಾದಿಸಿ ಅವರನ್ನು ನಮ್ಮವರೇ ಎಂದು ಎಳೆದುಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಕೊಲ್ಲಾಪುರದ ತಾಲೀಮಿನಲ್ಲಿ ಪಳಗಿದ ಅವರು 1969ರಲ್ಲಿ ಮಹಾರಾಷ್ಟ್ರ ಕೇಸರಿಯಾದರು. 1970ರ ಎಡಿನ್‌ಬರೊ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬಂಗಾರದ ಪದಕ ಗೆದ್ದರು. 1972ರಲ್ಲಿ ರುಸ್ತುಂ-ಎ-ಹಿಂದ್ ಎನಿಸಿದರು. ಸತಪಾಲರು 1955ರಲ್ಲಿ ದೆಹಲಿಯ ಅಂಚಿನ ಬವಾನಾ ಎಂಬ ಊರಿನಲ್ಲಿ ಹುಟ್ಟಿ, ಗುರು ಹನುಮಾನರ ಅಖಾಡದಲ್ಲಿ ಬೆಳೆದವರು. ಹತ್ತೊಂಬತ್ತರ ಹರೆಯದಲ್ಲೇ, ಅಂದರೆ 1974ರಲ್ಲೇ, ಅರ್ಜುನ ಪ್ರಶಸ್ತಿ ಪಡೆದವರು. ಇಬ್ಬರೂ 1977ರಲ್ಲಿ ಬೆಳಗಾವಿಯಲ್ಲಿ ಎದುರಾದರು. ಬಿರಾಜದಾರರು ಸತಪಾಲರನ್ನು ಚಿತ್ ಮಾಡಿದರು. ಅಂದಿನಿಂದ ಇಂದಿನವರೆಗೆ ನಮ್ಮ ಜಿಲ್ಲೆಯ ಕುಸ್ತಿಯ ಮಾತುಗಳಲ್ಲಿ ಆ ಹೆಸರುಗಳು ಜೋಡಿಯಾಗಿಯೇ ಬರುತ್ತವೆ.

ನಾನು ಆ ಕುಸ್ತಿ ನೋಡಲಿಲ್ಲ. ಕಾಲೇಜಿನ ಓದು ಕೆಡುವುದೆಂದು ಅಪ್ಪ ಬಿಡಲಿಲ್ಲ. ನಮ್ಮ ಊರಿನಿಂದ ಒಂದು ಲಾರಿ ತುಂಬ ಜನ ಹೋದರು. ನನ್ನ ಕಾಕಾ ಚಾಲಕನ ಪಕ್ಕದಲ್ಲಿ ಕುಳಿತು ಹೋದರು. ನಡುರಾತ್ರಿ ಲಾರಿ ಮರಳಿದಾಗ ನಾನು ಎದ್ದು ಹೋಗಿ ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬರು ಢಾಕ ಹಾಕಿ ಕೆಡವಿದರೆಂದರು. ಇನ್ನೊಬ್ಬರು ಘಿಸ್ಸಾ ಎಂದರು. ಮೂರನೆಯವರು ಅದು ಕಲಾಜಂಗವೆಂದು ತಮ್ಮ ಮಗನ ಮೇಲೆ ಹೆಣೆದು ತೋರಿಸಿದರು. ಕುಸ್ತಿ ಎಷ್ಟು ಹೊತ್ತು ನಡೆಯಿತೆಂಬುದಕ್ಕೆ ಹತ್ತು ನಿಮಿಷದಿಂದ ಮುಕ್ಕಾಲು ಗಂಟೆಯವರೆಗೆ ಉತ್ತರಗಳು ಬಂದವು. ಮುಂದೆ ಇತಿಹಾಸ ಕಲಿಸುವ ಮೇಷ್ಟ್ರಾದ ಮೇಲೆ, ಪ್ರತ್ಯಕ್ಷ ಸಾಕ್ಷ್ಯದ ಬೆಲೆಯೆಷ್ಟು ಎಂಬ ಪಾಠಕ್ಕೆ ಈ ಲಾರಿಯ ಕಥೆಯನ್ನೇ ಹೇಳುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಎಲ್ಲರೂ ಒಪ್ಪಿದ ಸಂಗತಿ ಒಂದೇ: ಬಿದ್ದವರು ಸತಪಾಲ್, ಕೆಡವಿದವರು ಬಿರಾಜದಾರ.

ಅದನ್ನು ನಾನೂ ಪೂರ್ಣವಾಗಿ ಒಪ್ಪುತ್ತೇನೆ. ನಮ್ಮ ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಅಂಕಗಳಿಲ್ಲ. ಬೆನ್ನು ನೆಲಕ್ಕೆ ಹತ್ತಿತೆಂದರೆ ಲೆಕ್ಕ ಮುಗಿಯಿತು. ಎಳೆದಾಡುವಂಥದು ಏನೂ ಉಳಿಯುವುದಿಲ್ಲ. ಆದರೆ ರಾಮದುರ್ಗದಲ್ಲಿ ಕೇಳಿದ ಪ್ರಶ್ನೆ ಅಂದು ಬಿದ್ದವರಾರು ಎಂದಲ್ಲ. ಇಬ್ಬರೂ ತಮ್ಮ ತುತ್ತತುದಿಯಲ್ಲಿದ್ದಾಗ ಹೆಚ್ಚಿನವರಾರು ಎಂಬುದು. ಈ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ ಕೊಟ್ಟು ನಾನು ಚಪ್ಪಾಳೆ ಗಿಟ್ಟಿಸಿಕೊಂಡೆ.

ಮೊದಲು ವಯಸ್ಸನ್ನು ನೋಡಿರಿ. 1977ರಲ್ಲಿ ಬಿರಾಜದಾರರಿಗೆ ಇಪ್ಪತ್ತೇಳರ ಆಸುಪಾಸು, ಸತಪಾಲರಿಗೆ ಇಪ್ಪತ್ತೆರಡು. ಬಿರಾಜದಾರರು ಎಂಟು ವರ್ಷಗಳಿಂದ ಹೆಸರಾಂತ ಕುಸ್ತಿಗಳನ್ನು ಹಿಡಿಯುತ್ತ ಬಂದವರು. ಮೈ ಬಲಿತಿತ್ತು, ಬುದ್ಧಿಯೂ ಬಲಿತಿತ್ತು. ಸತಪಾಲರ ಮೈ ಇನ್ನೂ ಬೆಳೆಯುತ್ತಿತ್ತು. ಇದು ನನ್ನ ಊಹೆಯ ಮಾತಲ್ಲ, ತಕ್ಕಡಿಯ ಮಾತು. 1974ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಅವರು ಸೆಣಸಿದ್ದು 82 ಕಿಲೋ ವರ್ಗದಲ್ಲಿ. 1978ರ ಹೊತ್ತಿಗೆ ಅವರದು 100 ಕಿಲೋ ವರ್ಗ. ಬೆಳಗಾವಿಯ ಕುಸ್ತಿ ಈ ಎರಡರ ನಡುವೆ ನಡೆದದ್ದು. ಅಂದು ಕಣಕ್ಕಿಳಿದದ್ದು ಒಂದು ಮಾಗಿದ ಪೈರು, ಒಂದು ಹಾಲುಗಾಳು.

ಹಾಗಾದರೆ ಸತಪಾಲರು ಯಾವಾಗ ಮಾಗಿದರು? ನಿಸ್ಸಂದೇಹವಾಗಿ 1982ರಲ್ಲಿ. 1974ರ ಟೆಹರಾನ್ ಏಷ್ಯನ್ ಕ್ರೀಡೆಗಳಲ್ಲಿ ಕಂಚು, 1978ರ ಬ್ಯಾಂಕಾಕಿನಲ್ಲಿ ಬೆಳ್ಳಿ, 1982ರ ದೆಹಲಿಯಲ್ಲಿ ಬಂಗಾರ. ಮೂರೂ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ, ಅಂದರೆ 1974, 1978, 1982ರಲ್ಲಿ, ಬೆಳ್ಳಿ. ಬೆಳಗಾವಿಯಂಥ ಊರಿನಲ್ಲಿ ಸಾವಿರಾರು ಜನರ ಕಣ್ಣೆದುರು ಬಿದ್ದ ಮೇಲೆ ಐದು ವರ್ಷ ಮೇಲಕ್ಕೇ ಏರಿದ ಏಣಿ ಅದು. ದೆಹಲಿಯಲ್ಲಿ ಬಂಗಾರ ಗೆದ್ದಾಗ ಅವರಿಗೆ ಇಪ್ಪತ್ತೇಳು. ಬೆಳಗಾವಿಯಲ್ಲಿ ಬಿರಾಜದಾರರಿಗಿದ್ದ ವಯಸ್ಸೂ ಅದೇ. ಆದ್ದರಿಂದ ನ್ಯಾಯವಾಗಿ ಎದುರುಬದುರು ನಿಲ್ಲಿಸಬೇಕಾದವರು 1977ರ ಬಿರಾಜದಾರರು ಮತ್ತು 1982ರ ಸತಪಾಲರು. ಆ ಕುಸ್ತಿಯನ್ನು ಯಾವ ಊರಿನ ಜಾತ್ರಾ ಕಮಿಟಿಯೂ ಕಟ್ಟಲಾರದು.

ಕಿತ್ತೂರಿನವನು ಇಲ್ಲಿ ಕೇಳುತ್ತಾನೆಂದು ನನಗೆ ಗೊತ್ತು: ‘ಸರ, ಮ್ಯಾಟಿನ ಪದಕ ತಂದು ಮಣ್ಣಿನ ಕುಸ್ತಿಗೆ ಯಾಕ ತೂಗತೀರಿ?’ ಕೇಳತಕ್ಕ ಮಾತೇ. ಮಣ್ಣಿನ ಕಣ ಬೇರೆ ಲೋಕ. ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಹಣ್ಣಿನ ರಸ ಕಲಸಿ ಹದ ಮಾಡಿದ ಆ ಕಣದಲ್ಲಿ ಕಾಲು ಹೂಳುತ್ತದೆ, ಬೆವರಿಗೆ ಮಣ್ಣು ಮೆತ್ತಿ ಹಿಡಿತ ಸಿಗುತ್ತದೆ, ಕಾಯುವವನಿಗೆ ಕಾಲಾವಕಾಶವಿದೆ. ಮ್ಯಾಟಿನ ಮೇಲೆ ಗಡಿಯಾರವಿದೆ, ಅಂಕವಿದೆ, ತೂಕದ ವರ್ಗವಿದೆ. ಚಿತ್ ಮಾಡದೆಯೂ ಗೆಲ್ಲಬಹುದು. ಮಣ್ಣಿನ ಎಷ್ಟೋ ಹುಲಿಗಳು ಮ್ಯಾಟಿನ ಮೇಲೆ ಜಾರಿದ್ದನ್ನು ನಾವೇ ಕಂಡಿದ್ದೇವೆ. ಆದರೆ ಬಿರಾಜದಾರರೂ ಮ್ಯಾಟಿನ ಮೇಲೆ ಬಂಗಾರ ಗೆದ್ದವರೇ, ಸತಪಾಲರೂ ಮಣ್ಣಿನಲ್ಲಿಯೇ ಹುಟ್ಟಿ ಬೆಳೆದ ಪೈಲ್ವಾನರೇ. ಒಬ್ಬರನ್ನು ಮಣ್ಣಿಗೂ ಒಬ್ಬರನ್ನು ಮ್ಯಾಟಿಗೂ ಹಂಚಿ, ಇಬ್ಬರೂ ಸಮ ಎಂದು ಕೈತೊಳೆದುಕೊಳ್ಳುವುದು ಸುಲಭ. ನನಗದು ಪರೀಕ್ಷೆಯಲ್ಲಿ ಎರಡೂ ಉತ್ತರ ಬರೆದಿಡುವ ಹುಡುಗನ ಜಾಣತನವೆನಿಸುತ್ತದೆ. ಅಂಥವರಿಗೆ ನಾನು ಅಂಕ ಕೊಟ್ಟವನಲ್ಲ.

ಬಿರಾಜದಾರರ ಪರವಾಗಿ ಒಂದು ಬಲವಾದ ಅಂಶವಿದೆ. ಅದನ್ನು ಮುಚ್ಚಿಟ್ಟರೆ ಅಪ್ರಾಮಾಣಿಕನಾದೇನು. 1970ರಲ್ಲಿ ಅವರು ಬಂಗಾರ ಗೆದ್ದದ್ದೂ 82 ಕಿಲೋ ವರ್ಗದಲ್ಲೇ. ನಾಲ್ಕು ವರ್ಷಗಳ ಅನಂತರ ಅದೇ ಕ್ರೀಡಾಕೂಟದ ಅದೇ ವರ್ಗದಲ್ಲಿ ಸತಪಾಲರಿಗೆ ದಕ್ಕಿದ್ದು ಬೆಳ್ಳಿ. ಅಂದರೆ ಇಪ್ಪತ್ತರ ಬಿರಾಜದಾರರು ಹತ್ತೊಂಬತ್ತರ ಸತಪಾಲರಿಗಿಂತ ಮೇಲು ಎನ್ನಲು ಆಧಾರವಿದೆ. ಹಾಗೆಯೇ 1977ರಲ್ಲೂ ಮೇಲು. ಸತಪಾಲರ ಪಾಲಿಗೆ ಉಳಿಯುವುದು ಕೊನೆಯ ಐದು ವರ್ಷಗಳು ಮಾತ್ರ. ನನ್ನ ಇಡೀ ವಾದ ನಿಂತಿರುವುದು ಆ ಐದು ವರ್ಷಗಳ ಮೇಲೆ. ಏಷ್ಯಾ ಖಂಡದ ಕೂಟವೆಂದರೆ ಇರಾನ್, ಮಂಗೋಲಿಯಾ, ಜಪಾನಿನ ಕುಸ್ತಿಪಟುಗಳು ಬರುವ ಕೂಟ. ಅಲ್ಲಿ ಬಂಗಾರದವರೆಗೆ ಏರಿದ ಬಲಕ್ಕೆ ಸಮನಾದ ಎತ್ತರವನ್ನು ನಾನು ಬಿರಾಜದಾರರ ಸಾಧನೆಯಲ್ಲಿ ಕಾಣಲಾರೆ.

ಇನ್ನೊಂದು ಗುಂಪು ಶಿಷ್ಯರನ್ನು ಎಳೆದು ತರುತ್ತದೆ. ಸತಪಾಲರ ಶಿಷ್ಯ ಸುಶೀಲಕುಮಾರ್ 2008 ಮತ್ತು 2012ರ ಒಲಿಂಪಿಕ್ಸ್‌ಗಳಲ್ಲಿ ಪದಕ ತಂದದ್ದು ನಿಜ. ಬಿರಾಜದಾರರು ಪುಣೆಯಲ್ಲಿ ಬೆಳೆಸಿದ ರಾಹುಲ್ ಆವಾರೆ 2018ರ ಕಾಮನ್‌ವೆಲ್ತ್ ಬಂಗಾರವನ್ನು 2011ರಲ್ಲಿ ತೀರಿಕೊಂಡಿದ್ದ ಗುರುವಿಗೆ ಅರ್ಪಿಸಿದ್ದೂ ನಿಜ. ಎರಡನೆಯದನ್ನು ಓದಿದಾಗ ನನ್ನ ಕಣ್ಣು ತೇವವಾದವು. ಆದರೆ ಒಳ್ಳೆಯ ಗುರು ಯಾರು ಎಂಬುದು ಮೂರನೆಯ ಪ್ರಶ್ನೆ. ಇಲ್ಲಿ ಬೇಡ.

ಇಬ್ಬರು ಬಲಶಾಲಿಗಳ ತುತ್ತತುದಿಗಳು ಒಂದೇ ದಿನ ಕೂಡಿ ಬರುವುದು ಎಷ್ಟು ಅಪರೂಪವೆಂಬುದಕ್ಕೆ ಗಾಮಾ ಪೈಲ್ವಾನರ ಕಥೆಯಿದೆ. ಗಾಮಾ ಮತ್ತು ಪೋಲೆಂಡಿನ ಜಿಬಿಸ್ಕೊ 1928ರಲ್ಲಿ ಪಟಿಯಾಲಾದಲ್ಲಿ ಸೆಣಸಿದರು. ಗಾಮಾ ಒಂದು ನಿಮಿಷದೊಳಗೆ ಮುಗಿಸಿದರು. ಇಂದಿಗೂ ನಮ್ಮ ಗರಡಿಗಳಲ್ಲಿ ಆ ಒಂದು ನಿಮಿಷವನ್ನು ಕೊಂಡಾಡುತ್ತಾರೆ. ಆದರೆ ಅಂದು ಇಬ್ಬರಿಗೂ ಐವತ್ತರ ಹತ್ತಿರ. ಅವರಿಬ್ಬರೂ ಮೂವತ್ತರ ಆಚೀಚೆ ಇದ್ದಾಗ, 1910ರ ಸೆಪ್ಟೆಂಬರಿನಲ್ಲಿ, ಲಂಡನ್ನಿನಲ್ಲಿ ಎದುರಾಗಿದ್ದರು. ಎರಡೂವರೆ ಗಂಟೆ ಕಳೆದರೂ ಯಾರೂ ಬೀಳಲಿಲ್ಲ. ಜಿಬಿಸ್ಕೊ ಬಹುಪಾಲು ಹೊತ್ತು ನೆಲಕ್ಕಂಟಿಕೊಂಡೇ ಉಳಿದ. ವಾರದ ಅನಂತರ ಮರು ಕುಸ್ತಿಗೆ ಬರಲೇ ಇಲ್ಲ. ಇಬ್ಬರೂ ಭರದಲ್ಲಿದ್ದಾಗ ಚಿತ್ತಿನ ತೀರ್ಪು ಸಿಗಲಿಲ್ಲ. ತೀರ್ಪು ಸಿಕ್ಕಾಗ ಭರವಿರಲಿಲ್ಲ.

ಮುಷ್ಟಿಯುದ್ಧದಲ್ಲಿಯೂ ಹೀಗೆಯೇ. ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಮೊದಲು ಎದುರಾದದ್ದು 1971ರ ಮಾರ್ಚ್ 8ರಂದು. ಫ್ರೇಜಿಯರ್ ಗೆದ್ದರು. ಅಂದು ಅವರು ತಮ್ಮ ಶಿಖರದಲ್ಲಿದ್ದರು. ಅಲಿಯವರೋ ವಿಯೆಟ್ನಾಂ ಯುದ್ಧಕ್ಕೆ ಹೋಗಲು ಒಪ್ಪದೆ 1967ರಿಂದ ಮೂರೂವರೆ ವರ್ಷ ಕಣದಿಂದ ಹೊರಗುಳಿದು ಆಗಷ್ಟೇ ಮರಳಿದವರು. ಮುಂದೆ 1974ರಲ್ಲೂ 1975ರ ಮನಿಲಾದಲ್ಲೂ ಅಲಿ ಗೆದ್ದರು. ಆ ಹೊತ್ತಿಗೆ ಫ್ರೇಜಿಯರರ ಶಿಖರ ದಾಟಿಹೋಗಿತ್ತು. ಇವರು ಅವರನ್ನು ಸೋಲಿಸಿದರು, ಅವರು ಇನ್ನೊಬ್ಬರನ್ನು ಸೋಲಿಸಿದ್ದರು, ಆದ್ದರಿಂದ ಇವರೇ ಹೆಚ್ಚು ಎಂದು ಸರಪಳಿ ಕಟ್ಟುವವರೂ ಉಂಟು. ಫ್ರೇಜಿಯರ್ 1971ರಲ್ಲಿ ಅಲಿಯನ್ನು ಸೋಲಿಸಿದರು. ಫೋರ್‌ಮನ್ 1973ರಲ್ಲಿ ಫ್ರೇಜಿಯರರನ್ನು ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿದರು. ಅಲಿ 1974ರಲ್ಲಿ ಫೋರ್‌ಮನ್ನರನ್ನು ಎಂಟನೆಯ ಸುತ್ತಿನಲ್ಲಿ ಮಲಗಿಸಿದರು. ಸರಪಳಿ ಹಿಡಿದು ಹೊರಟರೆ ಹೊರಟಲ್ಲಿಗೇ ಬಂದು ನಿಲ್ಲುತ್ತೇವೆ.

ಇಷ್ಟೆಲ್ಲ ಗೊತ್ತಿದ್ದೂ ರಾಮದುರ್ಗದಲ್ಲಿ ‘ಬಿದ್ದದ್ದು ಬಿದ್ದದ್ದೇ’ ಎಂದು ನನ್ನ ಬಾಯಿಂದ ಏಕೆ ಬಂತು? ಆ ಮಾತು ನನ್ನದಲ್ಲ, ಕಾಕಾ ಅವರದು. ಅದಕ್ಕಾಗಿಯೇ ಇಷ್ಟು ಬರೆಯಬೇಕಾಯಿತು.

ನೆಂಟರಿಗೆ ಗೊತ್ತಿರುವಂತೆ ಕಾಕಾ ಹರೆಯದಲ್ಲಿ ಪೈಲ್ವಾನರಾಗಿದ್ದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ರಾಮದುರ್ಗ ತಾಲೂಕಿನ ಮಲಪ್ರಭೆಯ ದಂಡೆಯ ಊರೊಂದರ ಜಾತ್ರೆಯಲ್ಲಿ, ಸವದತ್ತಿ ಕಡೆಯ ಪೈಲ್ವಾನರೊಬ್ಬರ ಕೈಯಲ್ಲಿ ಬಿದ್ದರು. ಅವರು ಕಾಕಾಗಿಂತ ಎಂಟೊಂಬತ್ತು ವರ್ಷ ಹಿರಿಯರು. ಮುಂದೆ ಆರೇಳು ವರ್ಷಗಳಲ್ಲಿ ನಮ್ಮ ಸುತ್ತಿನಲ್ಲಿ ಕಾಕಾ ಅವರೆದುರು ನಿಲ್ಲುವವರೇ ಇಲ್ಲವಾದರು. ಅಷ್ಟರಲ್ಲಿ ಸವದತ್ತಿಯವರ ಮೊಣಕಾಲು ಹೋಗಿ ಅವರು ಲಂಗೋಟ ಬಿಚ್ಚಿಟ್ಟಾಗಿತ್ತು. ಮರು ಕುಸ್ತಿ ಆಗಲೇ ಇಲ್ಲ. ಕಾಕಾ ಗೆದ್ದ ಕಡಗಗಳು, ಪೇಟಾಗಳು ಊರಿಗೆ ಮರೆತುಹೋದವು. ಆ ಜಾತ್ರೆಯ ಬೀಳು ಮಾತ್ರ ನೆನಪಿನಲ್ಲಿ ಉಳಿಯಿತು.

1977ರ ಆ ನಡುರಾತ್ರಿ ಲಾರಿಯಿಂದಿಳಿದವರಲ್ಲಿ ಒಬ್ಬರು, “ಸತಪಾಲ ಇನ್ನೂ ಹುಡುಗ, ನಾಕು ವರ್ಷ ತಡೀರಿ” ಎಂದಾಗ ಕಾಕಾ ಸಿಡುಕಿದರು: “ಬಿದ್ದ ದಿನ ಬಿದ್ದಾಂವನ ಜಾತಕ ಯಾರೂ ಕೇಳೂದಿಲ್ಲ. ಬಿದ್ದದ್ದು ಬಿದ್ದದ್ದ.” ಎಂಥ ಖಡಕ್ಕಾದ ಮಾತು ಎಂದು ನಾನು ಬೆರಗಾದೆ. ತಮ್ಮ ಪರವಾಗಿ ಹೇಳಿಕೊಳ್ಳಬಹುದಾಗಿದ್ದ ಒಂದೇ ಒಂದು ನೆಪವನ್ನು ಅವರು ಇನ್ನೊಬ್ಬರಿಗೂ ಕೊಡುತ್ತಿಲ್ಲವೆಂಬುದು ಹದಿನೆಂಟರ ನನಗೆ ಹೊಳೆಯಲಿಲ್ಲ.

1982ರ ಡಿಸೆಂಬರಿನಲ್ಲಿ ಧಾರವಾಡದಿಂದ ಊರಿಗೆ ಬಂದಿದ್ದೆ, ಆಗ ಬಿ.ಎಡ್. ಓದುತ್ತಿದ್ದೆ. ಕಾಕಾಗೆ ಓದಲು ಬರುತ್ತಿರಲಿಲ್ಲ. ಸತಪಾಲರು ಬಂಗಾರ ಗೆದ್ದ ಸುದ್ದಿಯನ್ನು ಪತ್ರಿಕೆ ಹಿಡಿದು ಓದಿ ಹೇಳಿದೆ. ಎರಡನೆಯ ಸಲ ಓದಿಸಿದರು. ಆಮೇಲೆ, “ಈಗ ಪೂರಾ ಆದ ನೋಡು ಹುಡುಗ. ಇವತ್ತ ಆಗಿದ್ರ ಬಿರಾಜದಾರಗ ತ್ರಾಸ ಆಗತಿತ್ತು” ಎಂದರು. ಬೆಳಗಾವಿಯ ಕುಸ್ತಿಯನ್ನು ಕಣ್ಣಾರೆ ಕಂಡ, ಬಿರಾಜದಾರರನ್ನೇ ಎತ್ತಿ ಹಿಡಿದಿದ್ದ ಪೈಲ್ವಾನರೊಬ್ಬರ ತೀರ್ಪಿದು. ನನ್ನ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿಲ್ಲ.

ನೌಕರಿಗೆ ಸೇರಿದ ಮೂರ್ನಾಲ್ಕು ವರ್ಷಗಳ ಮೇಲೆ, ಮನೆಯ ಕಟ್ಟೆಯ ಮೇಲೆ ನಾಲ್ಕು ಜನರೆದುರು ಯಾವುದೋ ಮಾತಿಗೆ ಮಾತು ಬಂದು, ಕಾಕಾ ಮೊದಲ ಸಲ, “ನನ್ನ ಕಾಲಕ್ಕೂ ಅವರ ಕಾಲಕ್ಕೂ ಕೂಡಿ ಬರಲಿಲ್ಲ. ಬಂದಿದ್ರ ತೋರಸತಿದ್ದೆ” ಎಂದರು. ಹೊಸ ಮೇಷ್ಟ್ರು ನಾನು. “ಕಾಕಾ, ಇತಿಹಾಸದಾಗ ‘ಬಂದಿದ್ರ’ ಅನ್ನೂದು ಇಲ್ಲ. ಬಿದ್ದದ್ದು ಬಿದ್ದದ್ದ, ನೀವ ಹೇಳಿದ ಮಾತು” ಎಂದೆ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಆಮೇಲೆ ಅವರು ಬದುಕಿರುವವರೆಗೂ ನನ್ನೆದುರು ಕುಸ್ತಿಯ ಮಾತು ಎತ್ತಲಿಲ್ಲ, 1994ರಲ್ಲಿ ತೀರಿಕೊಂಡರು. ರಾಮದುರ್ಗದಲ್ಲಿ ಎದ್ದ ನಗೆ ಅದೇ ನಗೆ. ಸವದತ್ತಿಯ ಹುಡುಗ ಸುಮ್ಮನಾದದ್ದೂ ಹಾಗೆಯೇ.

1996ರ ಲೋಕಸಭಾ ಚುನಾವಣೆಯಲ್ಲಿ ನನಗೆ ಸವದತ್ತಿ ತಾಲೂಕಿನ ಒಂದು ಹಳ್ಳಿಯ ಮತಗಟ್ಟೆಯ ಕೆಲಸ ಬಂತು. ಕುಂಟುತ್ತ ಬಂದು ಮತ ಹಾಕಿದ ಎತ್ತರದ ಮುದುಕರೊಬ್ಬರ ಕಿವಿ ಪೈಲ್ವಾನರ ಕಿವಿಯಂತೆ ಮುರುಟಿತ್ತು. ಕೇಳಿದೆ, ಅವರೇ. ಸಂಜೆ ಪೆಟ್ಟಿಗೆಗಳಿಗೆ ಅರಗು ಹಚ್ಚಿ ಲಾರಿಗೆ ಕಾಯುತ್ತಿದ್ದಾಗ ಶಾಲೆಯ ಬೇವಿನ ಗಿಡದ ಕೆಳಗೆ ಅವರ ಬಳಿ ಕುಳಿತು ನಾನು ಇಂಥವರ ಅಣ್ಣನ ಮಗನೆಂದು ಹೇಳಿಕೊಂಡೆ. ಕಾಕಾ ತೀರಿಕೊಂಡ ಸುದ್ದಿ ಅವರಿಗೆ ಗೊತ್ತಿತ್ತು. ಇಬ್ಬರೂ ಭರದಲ್ಲಿದ್ದಾಗ ಕುಸ್ತಿಯಾಗಿದ್ದರೆ ಏನಾಗುತ್ತಿತ್ತೆಂದು ಕೇಳಿದೆ. ಬಹಳ ಹೊತ್ತು ಮೊಣಕಾಲು ತಿಕ್ಕಿಕೊಳ್ಳುತ್ತ ಕುಳಿತವರು ಹೇಳಿದರು: “ಅಂವ ನನಗಿಂತ ಚಲೋ ಪೈಲ್ವಾನ ಇದ್ದ, ಮಾಸ್ತರ. ಆದರ ನನ್ನ ಕೈಯಾಗ ಬಿದ್ದಾನ.”

ಸವದತ್ತಿಯ ಹುಡುಗನಿಗೆ ನಿನ್ನೆ ಫೋನ್ ಮಾಡಿ ಉತ್ತರವನ್ನು ತಿದ್ದಿಕೊಂಡಿದ್ದೇನೆ. ಏಷ್ಯಾಡದ ಬಂಗಾರದಿಂದ ಮಾತು ಮುಗಿಯುವುದಿಲ್ಲವೆಂದೂ, ಬೆಳಗಾವಿಯ ಮಣ್ಣನ್ನು ಅವನೂ ಒಪ್ಪಿಕೊಳ್ಳಬೇಕೆಂದೂ ಹೇಳಿದೆ. “ಒಪ್ಪೇನ್ರಿ ಸರ, ಆದರ ನೀವು ಇದನ್ನ ಕಿತ್ತೂರಾಂವಗ ಬರದು ಕೊಡ್ರಿ” ಎಂದ. ಬರೆದುಕೊಟ್ಟಿದ್ದೇನೆ. 1977ರಲ್ಲಿ ಬೆಳಗಾವಿಗೆ ಹೋಗಿ ಆ ಕುಸ್ತಿ ನೋಡಿ ಬಂದವರು ನಿಮ್ಮ ಮನೆಗಳಲ್ಲಿ ಇನ್ನೂ ಇದ್ದರೆ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸಿರಿ. ಢಾಕವೋ, ಘಿಸ್ಸಾವೋ, ಕಲಾಜಂಗವೋ, ನನಗೆ ಇನ್ನೂ ತಿಳಿಯಬೇಕಾಗಿದೆ.